ಹರಿದ ಜೂಡೊ ಅಂಗಿಯನ್ನು ಮನೆಯಲ್ಲೇ ಹೊಲಿದು ಪಂದ್ಯಕ್ಕೆ ಸಜ್ಜುಗೊಳಿಸಿದ ಅನುಭವ

ಮಗಳ ಜೂಡೊ ಅಂಗಿ ಬಲ ಕಂಕುಳಿನಿಂದ ಭುಜದ ಕಡೆಗೆ ಹರಿದಿತ್ತು. ಅದನ್ನು ಧಾರವಾಡದ ನಮ್ಮ ಮನೆಯಲ್ಲೇ ದುರಸ್ತಿ ಮಾಡಿ, ಶಾಲಾ ಪಂದ್ಯಾವಳಿಯ ಉಡುಪು ತಪಾಸಣೆಯಲ್ಲಿ ಒಪ್ಪಿಗೆ ಪಡೆಯುವಷ್ಟರಲ್ಲಿ ಮಳೆಗಾಲದ ಬಹುಭಾಗ ಕಳೆದುಹೋಯಿತು. ಕೆಲಸ ಕಳೆದ ವಾರವಷ್ಟೇ ಮುಗಿದಿದೆ. ಹೊಲಿಗೆ ಬಲ್ಲವರ ಮನೆಯಲ್ಲೂ ಈ ಬಟ್ಟೆ ಹೊಸ ಪ್ರಶ್ನೆಗಳನ್ನು ಒಡ್ಡುತ್ತದೆ. ಅವುಗಳಿಗೆ ನಮಗೆ ಸಿಕ್ಕ ಉತ್ತರಗಳನ್ನು, ಜೂಡೊ ಕಲಿಯುವ ಮಕ್ಕಳಿರುವ ಇತರ ಮನೆಗಳಿಗೂ ಉಪಯೋಗವಾಗಲೆಂದು ಕ್ರಮವಾಗಿ ಬರೆದಿಡುತ್ತಿದ್ದೇನೆ.

ಮೊದಲು ಅಂಗಿಯ ರಚನೆಯನ್ನು ಅರಿಯಬೇಕು, ಏಕೆಂದರೆ ದುರಸ್ತಿಯ ವಿಧಾನವೆಲ್ಲ ಅದರಿಂದಲೇ ನಿರ್ಧಾರವಾಗುತ್ತದೆ. ಎದೆ, ಬೆನ್ನು, ತೋಳುಗಳ ಭಾಗ ಅಕ್ಕಿಕಾಳಿನ ಉಬ್ಬುಗಳಿರುವ ದಪ್ಪ ಹತ್ತಿ ನೇಯ್ಗೆಯಾಗಿದ್ದರೆ, ಸೊಂಟದಿಂದ ಕೆಳಗಿನ ಭಾಗ ವಜ್ರಾಕೃತಿಯ ನೇಯ್ಗೆಯಿರುವ ಸ್ವಲ್ಪ ಹಗುರವಾದ ಬಟ್ಟೆ. ಭುಜದ ಮೇಲೆ ಇನ್ನೊಂದು ಪದರವಿರುತ್ತದೆ. ಕೊರಳಪಟ್ಟಿಯೊಳಗೆ ಹಲವು ಪದರಗಳನ್ನು ಮಡಚಿ, ಉದ್ದಕ್ಕೂ ಸಮಾನಾಂತರ ಹೊಲಿಗೆ ಹಾಕಿರುತ್ತಾರೆ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಒಪ್ಪಿತವಾದ ಅಂಗಿಯ ಬಟ್ಟೆ ಚದರ ಮೀಟರಿಗೆ 650ರಿಂದ 750 ಗ್ರಾಂ ತೂಗುತ್ತದೆ. ಶಾಲಾ ಮಕ್ಕಳು ತೊಡುವ ಒಂಟಿ ನೇಯ್ಗೆಯ ಅಂಗಿ ಇದಕ್ಕಿಂತ ಹಗುರವಾದರೂ, ಅಂಗಿ ಕುಪ್ಪಸಗಳ ಬಟ್ಟೆಯ ಜೊತೆ ಹೋಲಿಸುವಂಥದ್ದಲ್ಲ.

ಹರಿಯುವ ಜಾಗವೂ ಆಕಸ್ಮಿಕವಲ್ಲ. ಬಲಗೈ ರೂಢಿಯ ಎದುರಾಳಿ ತನ್ನ ಎಡಗೈಯಿಂದ ನಮ್ಮ ಮಗುವಿನ ಬಲ ತೋಳನ್ನೂ ಬಲಗೈಯಿಂದ ಎಡ ಕೊರಳಪಟ್ಟಿಯನ್ನೂ ಹಿಡಿಯುತ್ತಾನೆ. ತೋಳನ್ನು ಜಗ್ಗಿದಾಗಲೆಲ್ಲ ಆ ಭಾರ ಬಲ ಕಂಕುಳಿನ ಹೊಲಿಗೆಗೆ ಬಂದು ಬೀಳುತ್ತದೆ. ಅಲ್ಲಿಯೇ ಬೆವರೂ ಹೆಚ್ಚು. ಹೀಗಾಗಿ ಬಲ ಕಂಕುಳು, ಎಡ ಕೊರಳಪಟ್ಟಿ, ಆಮೇಲೆ ಷರಾಯಿಯ ಮೊಣಕಾಲು ಎಂಬ ಕ್ರಮದಲ್ಲಿ ಸವೆತ ಕಾಣಿಸಿಕೊಳ್ಳುತ್ತದೆ. ಮಕ್ಕಳ ಅಂಗಿಯನ್ನು ತೊಳೆಯುವವರು ಈ ಜಾಗಗಳನ್ನು ತಿಂಗಳಿಗೊಮ್ಮೆಯಾದರೂ ಬೆಳಕಿಗೆ ಹಿಡಿದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಬೆಳಕು ಹಾಯುವಷ್ಟು ತೆಳುವಾದ ಬಟ್ಟೆ ಮುಂದಿನ ಜೋರಾದ ಜಗ್ಗಾಟಕ್ಕೆ ತಡೆಯುವುದಿಲ್ಲ.

ಹರಿದ ಅಂಗಿ ಕೈಗೆ ಬಂದಾಗ ನಾನು ಮೊದಲು ಪರೀಕ್ಷಿಸಿದ್ದು, ಹೋದದ್ದು ದಾರವೋ ಬಟ್ಟೆಯೋ ಎಂಬುದನ್ನು. ಹೊಲಿಗೆಯ ದಾರ ಮಾತ್ರ ತುಂಡಾಗಿ ಎರಡು ಅಂಚುಗಳೂ ಗಟ್ಟಿಯಾಗಿದ್ದರೆ, ಹಳೆಯ ಸಾಲಿನಲ್ಲೇ ಮತ್ತೆ ಹೊಲಿದರೆ ಮುಗಿಯಿತು. ನಮ್ಮದರಲ್ಲಿ ಎರಡೂ ಹೋಗಿದ್ದವು. ಕಂಕುಳಿನಲ್ಲಿ ದಾರ ಬಿಟ್ಟುಕೊಂಡು, ಅಲ್ಲಿಂದ ಬಟ್ಟೆಯೇ ಸುಮಾರು ಒಂದು ಗೇಣು ಭುಜದ ಕಡೆಗೆ ಸೀಳಿತ್ತು. ಸೀಳಿನ ಎರಡೂ ಬದಿಯಲ್ಲಿ ಎಳೆಗಳು ಸವೆದು ಜಾಳಾಗಿದ್ದವು. ಇಂಥ ಕಡೆ ಅಂಚಿಗೆ ಅಂಚು ಕೂಡಿಸಿ ಹೊಲಿದರೆ ಹೊಲಿಗೆ ನಿಲ್ಲುತ್ತದೆ, ಅದರ ಪಕ್ಕದ ಬಟ್ಟೆ ಹರಿಯುತ್ತದೆ.

ಹೊಸದನ್ನೇ ಕೊಳ್ಳುವ ಯೋಚನೆ ಸಹಜವಾಗಿ ಬಂತು. ಅವಳು ತೊಡುವ ದರ್ಜೆಯ ಅಂಗಿಗೆ ಎರಡು ಸಾವಿರ ರೂಪಾಯಿಗೂ ಹೆಚ್ಚು, ಜೋಡಿ ನೇಯ್ಗೆಯದಕ್ಕೆ ಅದರ ಎರಡು ಪಟ್ಟು ಬೆಲೆ ಇತ್ತು. ಅವಳ ಅಳತೆಯದು ಪಂದ್ಯದ ದಿನಕ್ಕೆ ಮೊದಲು ಕೈಸೇರುವ ಭರವಸೆಯನ್ನು ಯಾವ ಅಂಗಡಿಯೂ ಕೊಡಲಿಲ್ಲ. ಸೇರಿದರೂ ಇನ್ನೊಂದು ತೊಡಕಿತ್ತು. ಮೊದಲೇ ಕುಗ್ಗಿಸಿರದ ಹೊಸ ಹತ್ತಿ ಅಂಗಿ ಮೊದಲ ಕೆಲವು ತೊಳೆತಗಳಲ್ಲಿ ಗಮನಾರ್ಹವಾಗಿ ಕುಗ್ಗುವುದರಿಂದ, ತೊಳೆದು ನೋಡದೆ ಅಳತೆಯ ಬಗ್ಗೆ ಖಚಿತವಾಗಿ ಹೇಳಲಾಗದು. ಬೆಳೆಯುವ ವಯಸ್ಸಿನ ಹುಡುಗಿಗೆ ವರ್ಷದೊಳಗೆ ಚಿಕ್ಕದಾಗುವ ಅಂಗಿಗಾಗಿ ಇಷ್ಟು ಖರ್ಚು ಮಾಡುವುದಕ್ಕಿಂತ ಇದ್ದದ್ದನ್ನು ಉಳಿಸಿಕೊಳ್ಳುವುದೇ ಲೇಸೆಂದು ತೀರ್ಮಾನಿಸಿದೆವು.

ತರಬೇತುದಾರರು ಪಂದ್ಯದ ಸುತ್ತೋಲೆಯನ್ನು ಕಳುಹಿಸಿದ್ದರು. ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಶಾಲೆಯ ದೃಢೀಕರಣ, ಭಾವಚಿತ್ರ ಇವೆಲ್ಲ ನಮ್ಮ ಬಳಿ ಸಿದ್ಧವಿದ್ದವು. ಉಡುಪಿನ ಬಗೆಗಿನ ಸಾಲುಗಳೇ ನನ್ನನ್ನು ಕಾಡಿದವು. ಜೂಡೊ ನಿಯಮಗಳ ಪ್ರಕಾರ ಅಂಗಿಯಲ್ಲಿ ಹರಕು ಇರಕೂಡದು. ಬಟ್ಟೆ ಎದುರಾಳಿಯ ಹಿಡಿತಕ್ಕೆ ಸಿಗದಷ್ಟು ದಪ್ಪವೂ ಬಿರುಸೂ ಆಗಿರಕೂಡದು. ಎಂದರೆ ಹರಕನ್ನು ಮುಚ್ಚಲೇಬೇಕು, ಆದರೆ ಮುಚ್ಚಿದ ಜಾಗ ಹಲಗೆಯಂತೆ ಬಿರುಸಾಗಬಾರದು. ನಾವು ಮುಂದೆ ಮಾಡಿದ ಪ್ರತಿಯೊಂದು ಆಯ್ಕೆಯ ಹಿಂದೆಯೂ ಈ ಎರಡು ಮಾತುಗಳಿದ್ದವು.

ಸುಭಾಸ ರಸ್ತೆಯ ಆಸುಪಾಸಿನಲ್ಲಿ ನಾನು ವಿಚಾರಿಸಿದ ದರ್ಜಿಗಳಲ್ಲಿ ಹೆಚ್ಚಿನವರು ಅಂಗಿಯನ್ನು ಕೈಯಲ್ಲಿ ಹಿಡಿದೊಡನೆ ಹಿಂದಿರುಗಿಸಿದರು. ಭುಜದ ಪದರ, ತೋಳಿನ ಪದರ, ತೇಪೆ ಸೇರಿದರೆ ಯಂತ್ರದ ಪಾದದ ಕೆಳಗೆ ಬಟ್ಟೆ ಸರಿಯುವುದಿಲ್ಲ, ಸೂಜಿ ಮುರಿಯುತ್ತದೆ ಎಂಬುದು ಅವರ ಕಾರಣ. ಅದು ನ್ಯಾಯವಾದ ಕಾರಣವೇ. ಒಬ್ಬರು ಷರಾಯಿಯನ್ನು ಮಾತ್ರ ಇಟ್ಟುಕೊಂಡು, ಮೊಣಕಾಲಿಗೆ ಒಳಗಿನಿಂದ ತೇಪೆ ಹಾಕಿ ಎಂಬತ್ತು ರೂಪಾಯಿ ಪಡೆದರು. ತೇಪೆಯ ಅಂಚು ಮೊಣಕಾಲಿನ ಚಿಪ್ಪಿನ ಮೇಲೆ ಬರದಂತೆ, ಅದರ ಮೇಲೂ ಕೆಳಗೂ ನಾಲ್ಕು ಬೆರಳು ದಾಟಿ ಹೊಲಿಯಿರಿ ಎಂದು ನಾನು ಕೇಳಿಕೊಂಡಿದ್ದೆ. ಚಿಪ್ಪಿನ ಮೇಲೆ ಹೊಲಿಗೆಯ ಏಣು ಬಂದರೆ ಮ್ಯಾಟಿನ ಮೇಲೆ ಚರ್ಮ ಕಿತ್ತುಹೋಗುತ್ತದೆ. ಚಪ್ಪಲಿ ಹೊಲಿಯುವವರ ಬಳಿಗೆ ಒಯ್ಯಿರೆಂದು ಕೆಲವರು ಸಲಹೆ ನೀಡಿದರು. ಅವರ ಮೇಣದ ನೈಲಾನ್ ದಾರ ಬಟ್ಟೆಗಿಂತ ಬಹಳ ಗಟ್ಟಿ, ಅವರ ಆರಿ ತೆಗೆಯುವ ತೂತು ಬಟ್ಟೆಯ ಎಳೆಗಳನ್ನೇ ಕತ್ತರಿಸುತ್ತದೆ. ಚರ್ಮಕ್ಕೆ ಹೊಂದುವ ಈ ಹೊಲಿಗೆ ಹತ್ತಿಯ ನೇಯ್ಗೆಗೆ ಹೊಂದದು ಎನಿಸಿ ಆ ದಾರಿಯನ್ನು ಬಿಟ್ಟೆವು.

ಕೊನೆಗೆ ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ತಮ್ಮ ಜೀವಮಾನದಲ್ಲಿ ಹೊಲಿದ ಕೌದಿಗಳಿಗೆ ಲೆಕ್ಕವಿಲ್ಲ. ಹಳೆಯ ಸೀರೆ, ಧೋತರಗಳ ಪದರಗಳನ್ನು ಸಾಲು ಸಾಲು ಓಟದ ಹೊಲಿಗೆಯಿಂದ ಕೂಡಿಸಿ ಇಪ್ಪತ್ತು ವರ್ಷ ಬಾಳುವ ಹೊದಿಕೆ ಮಾಡುವ ಅವರು ಅಂಗಿಯ ನೇಯ್ಗೆಯನ್ನು ಬೆರಳಿನಿಂದ ಸವರಿ ನೋಡಿ, ಇದೂ ಕೌದಿಯ ಜಾತಿಯ ಬಟ್ಟೆಯೇ ಎಂದರು. ಅವರ ಊಹೆ ದೂರದ್ದಲ್ಲ. ಜಪಾನಿನ ಉತ್ತರ ಭಾಗದ ರೈತರು ಹಳೆಯ ಬಟ್ಟೆಯ ಪದರಗಳನ್ನು ಇದೇ ಓಟದ ಹೊಲಿಗೆಯಿಂದ ಬಲಪಡಿಸಿ ಕೆಲಸದ ಅಂಗಿ ಮಾಡಿಕೊಳ್ಳುತ್ತಿದ್ದರು. ಸಾಶಿಕೊ ಎಂಬ ಆ ಹೊಲಿಗೆಯ ನೋಟವನ್ನೂ ಗಟ್ಟಿತನವನ್ನೂ ಮಗ್ಗದಲ್ಲೇ ತರುವ ನೇಯ್ಗೆಯನ್ನು ಜೂಡೊ ಅಂಗಿಗೆ ಬಳಸುತ್ತಾರೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಆರಂಭಿಸಿದ ಜೂಡೊ ಇಂದು ನಮ್ಮ ಊರಿನ ಮಕ್ಕಳವರೆಗೆ ಬಂದಿದೆ. ಅದರ ಅಂಗಿಯನ್ನು ಉಳಿಸುವ ವಿದ್ಯೆ ನಮ್ಮ ಮನೆಯಲ್ಲೇ ಇದ್ದದ್ದು ನನಗೆ ಬಹಳ ಸಮಾಧಾನ ತಂದಿತು.

ಆದರೆ ಹೊಲಿಯುವುದಕ್ಕೆ ಮೊದಲು ತೊಳೆಯಬೇಕಿತ್ತು. ಬೆವರಿನ ಉಪ್ಪು ಮತ್ತು ಜಿಡ್ಡು ಕುಳಿತ ಬಟ್ಟೆಯಲ್ಲಿ ಸೂಜಿ ಸರಾಗವಾಗಿ ಹಾಯುವುದಿಲ್ಲ. ಕೊಳೆಯ ಮೇಲೆ ತೇಪೆ ಹಾಕಿದರೆ ಆ ವಾಸನೆ ಎಂದಿಗೂ ಹೋಗುವುದಿಲ್ಲ. ನಮ್ಮ ಓಣಿಗೆ ಮಲಪ್ರಭೆಯ ನೀರು ದಿನವೂ ಬರುವುದಿಲ್ಲ, ಮಧ್ಯದ ದಿನಗಳಲ್ಲಿ ಕೊಳವೆಬಾವಿಯ ನೀರೇ ಗತಿ. ಆ ಗಡಸು ನೀರಿನಲ್ಲಿ ಸಾಬೂನು ನೊರೆ ಬಿಡದೆ, ಸುಣ್ಣದ ಅಂಶದೊಡನೆ ಸೇರಿ ಬೂದುಬಣ್ಣದ ಜಿಗುಟಾಗಿ ಬಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ನಲ್ಲಿ ನೀರಿನ ದಿನಕ್ಕಾಗಿ ಕಾದೆವು. ಅಷ್ಟು ಕಾಯಲಾಗದವರು ಸಾಬೂನಿನ ಬದಲು ತೊಳೆಪುಡಿಯನ್ನು ಬಳಸಿ, ಕೊನೆಯ ಜಾಲಾಟದ ನೀರಿಗೆ ಅರ್ಧ ಬಟ್ಟಲು ಬಿಳಿ ವಿನೆಗರ್ ಸೇರಿಸಬಹುದು. ಬಟ್ಟೆ ಮೃದುವಾಗುತ್ತದೆ, ವಾಸನೆಯೂ ಕಡಿಮೆಯಾಗುತ್ತದೆ.

ಕಲೆಗಳ ವಿಷಯದಲ್ಲಿ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಬಿಳಿ ಅಂಗಿಯನ್ನು ಹಾಳುಮಾಡುವುದು ಅನೇಕ ಬಾರಿ ಆಟವಲ್ಲ, ತೊಳೆತ. ರಕ್ತದ ಕಲೆಗೆ ತಣ್ಣೀರೇ ಬೇಕು. ಬಿಸಿನೀರು ತಾಗಿದರೆ ರಕ್ತದ ಪ್ರೋಟೀನ್ ಎಳೆಗಳಲ್ಲಿ ಗಟ್ಟಿಯಾಗಿ ಕಲೆ ಶಾಶ್ವತವಾಗುತ್ತದೆ. ಒಣಗಿದ ಕಲೆಯಾದರೆ ತಣ್ಣೀರಿನಲ್ಲಿ ನೆನೆಸಿ, ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿ ಉಜ್ಜಬೇಕು. ಊಟದ ಅರಿಶಿನ ಬಿದ್ದರೆ ಸಾಬೂನು ಹಚ್ಚಿದೊಡನೆ ಕೆಂಪಾಗುವುದನ್ನು ಕಂಡು ಹೆದರಬೇಕಾಗಿಲ್ಲ, ತೊಳೆದು ಬಿಸಿಲಿಗೆ ಹಾಕಿದರೆ ಅದು ತಾನೇ ಮಾಸುತ್ತದೆ. ಕ್ಲೋರಿನ್ ಬ್ಲೀಚನ್ನು ಮಾತ್ರ ಹತ್ತಿರ ಸುಳಿಯಗೊಡಬಾರದು. ಅದು ಹತ್ತಿಯ ಎಳೆಯನ್ನೇ ದುರ್ಬಲಗೊಳಿಸುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯನ್ನು ಹಳದಿಯಾಗಿಸುತ್ತದೆ. ಕಬ್ಬಿಣದ ಅಂಶವಿರುವ ಕೊಳವೆಬಾವಿ ನೀರಿನಲ್ಲಿ ಹಾಕಿದರೆ ತುಕ್ಕಿನ ಕಂದು ಕಲೆಗಳನ್ನು ತಾನೇ ತರುತ್ತದೆ. ಬ್ಲೀಚ್ ಇರುವ ನೀರಿಗೆ ವಿನೆಗರ್ ಸೇರಿಸಿದರೆ ವಿಷಾನಿಲ ಹೊರಬರುತ್ತದೆ ಎಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು. ಬಿಳುಪು ಬೇಕಾದರೆ ಆಮ್ಲಜನಕ ಆಧಾರಿತ ಬಿಳುಪುಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅಂಗಿಯನ್ನು ಕೆಲವು ಗಂಟೆ ನೆನೆಸಿಟ್ಟರೆ ಸಾಕು. ನೀಲಿ ಅಂಗಿ ಇರುವವರು ಅದನ್ನು ಬಿಳಿಯದರಿಂದ ಪ್ರತ್ಯೇಕವಾಗಿ, ಒಳಮಗ್ಗುಲು ಹೊರಮಾಡಿ ತೊಳೆಯಬೇಕು. 1997ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ನೀಲಿಗೆ ಒಪ್ಪಿಗೆ ನೀಡಿದ ಮೇಲೆ ದೊಡ್ಡ ಪಂದ್ಯಗಳಿಗೆ ಎರಡು ಬಣ್ಣವೂ ಬೇಕಾಗುತ್ತದೆ. ನಮ್ಮ ಹಂತದಲ್ಲಿ ಬಿಳಿಯೊಂದೇ ಸಾಕಾಗಿತ್ತು.

ತೊಳೆದದ್ದು ಒಣಗುವುದೇ ದೊಡ್ಡ ಪರೀಕ್ಷೆಯಾಯಿತು. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ತೆಳುವಾದ ಬಟ್ಟೆಯೇ ಒಣಗದು, ಈ ಅಂಗಿಯ ಕೊರಳಪಟ್ಟಿಯಂತೂ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಹಿಡಿದಿಟ್ಟುಕೊಂಡಿತ್ತು. ಹಾಗೆಯೇ ಮಡಚಿಟ್ಟರೆ ಕಪ್ಪು ಚುಕ್ಕಿಗಳ ಬೂಷ್ಟು ಹಿಡಿಯುತ್ತದೆ, ಆ ಚುಕ್ಕಿಗಳನ್ನು ತೆಗೆಯುವುದು ಬಹಳ ಕಷ್ಟ. ನಾವು ಬಿದಿರಿನ ಗಳವನ್ನು ಎರಡೂ ತೋಳುಗಳ ಮೂಲಕ ಹಾಯಿಸಿ, ಪಡಸಾಲೆಯಲ್ಲಿ ಅಡ್ಡಲಾಗಿ ತೂಗುಹಾಕಿ ಫ್ಯಾನ್ ಹಚ್ಚಿದೆವು. ಒದ್ದೆ ಅಂಗಿಯ ಭಾರಕ್ಕೆ ಸಾಮಾನ್ಯ ಹ್ಯಾಂಗರು ಬಾಗಿ ಭುಜದಲ್ಲಿ ಗುಬುಟು ಮೂಡಿಸುತ್ತದೆ, ಗಳದ ಮೇಲೆ ಭಾರ ಸಮನಾಗಿ ಹಂಚಿಹೋಗುತ್ತದೆ. ಕೊರಳಪಟ್ಟಿಯನ್ನು ಕೆನ್ನೆಗೆ ಒತ್ತಿ ನೋಡಿ, ತಂಪು ತಾಗದಿದ್ದರೆ ಮಾತ್ರ ಒಣಗಿದೆಯೆಂದು ಅತ್ತೆ ಹೇಳಿಕೊಟ್ಟರು. ಪಂದ್ಯದ ದಿನ ಸಮೀಪಿಸುತ್ತಿದ್ದಾಗ ಸುಮ್ಮನೆ ಒಣಗಲು ಕಾಯಬೇಕಾದ ಆ ದಿನಗಳು ನನಗೂ ಮಗಳಿಗೂ ಕಳವಳದ ದಿನಗಳಾಗಿದ್ದವು. ಅವಳು ಅಭ್ಯಾಸಕ್ಕೆ ಗೆಳತಿಯ ಅಂಗಿಯನ್ನು ಎರವಲು ತೊಟ್ಟು ಹೋಗುತ್ತಿದ್ದಳು, ತೋಳು ಉದ್ದವಾಗಿ ಹಿಡಿತ ತಪ್ಪುತ್ತಿದೆ ಎಂದು ಬೇಸರಪಡುತ್ತಿದ್ದಳು.

ತೇಪೆಯ ಬಟ್ಟೆಗೆ ಅಂಗಡಿ ಅಲೆಯಬೇಕಾಗಲಿಲ್ಲ. ಹಿರಿಯ ವಿದ್ಯಾರ್ಥಿಯೊಬ್ಬರು ಬಿಟ್ಟುಹೋದ ಹಳೆಯ ಅಂಗಿಯನ್ನು ತರಬೇತುದಾರರು ಕೊಟ್ಟರು, ಅದರ ಬೆನ್ನಿನ ಭಾಗ ಇನ್ನೂ ಗಟ್ಟಿಯಾಗಿತ್ತು. ಹಳೆಯ ಅಂಗಿಯ ತುಂಡೇ ತೇಪೆಗೆ ಅತ್ಯುತ್ತಮವೆಂದು ನಾನು ದೃಢವಾಗಿ ಹೇಳುತ್ತೇನೆ. ಅದು ಅದೇ ನೇಯ್ಗೆಯದು, ಅಷ್ಟೇ ಮೃದು, ಎಲ್ಲಕ್ಕಿಂತ ಮುಖ್ಯವಾಗಿ ಕುಗ್ಗುವಷ್ಟು ಕುಗ್ಗಿ ಮುಗಿದದ್ದು. ಹೊಸ ಬಟ್ಟೆಯ ತೇಪೆ ಹಾಕುವುದಾದರೆ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೊಮ್ಮೆ ಹಾಗೆಯೇ ಮಾಡಿ ಆಮೇಲೆ ಕತ್ತರಿಸಬೇಕು. ಇಲ್ಲವಾದರೆ ಹೊಲಿದ ಬಳಿಕ ತೇಪೆ ಕುಗ್ಗಿ ಸುತ್ತಲಿನ ಬಟ್ಟೆಯನ್ನು ನೆರಿಗೆಯಾಗಿ ಎಳೆದುಕೊಳ್ಳುತ್ತದೆ. ಸವೆದ ಭಾಗವನ್ನು ದಾಟಿ ಸುತ್ತಲೂ ಮೂರು ಬೆರಳು ಗಟ್ಟಿ ಬಟ್ಟೆಯ ಮೇಲೆ ಕೂರುವಷ್ಟು ದೊಡ್ಡದಾಗಿ ಅದನ್ನು ಕತ್ತರಿಸಿದೆವು. ಹಾಸು ಹೊಕ್ಕುಗಳ ದಿಕ್ಕು ಅಂಗಿಯ ದಿಕ್ಕಿಗೆ ಹೊಂದಿರುವಂತೆ ನೋಡಿಕೊಂಡು, ಮೂಲೆಗಳನ್ನು ದುಂಡಾಗಿಸಿದೆವು. ಚೂಪು ಮೂಲೆ ಇದ್ದಲ್ಲಿ ಜಗ್ಗಾಟದ ಬಲವೆಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತದೆ.

ದಾರಕ್ಕಾಗಿ ಹುಬ್ಬಳ್ಳಿಗೆ ಹೋದೆ. ದುರ್ಗದಬೈಲಿನ ಕಡೆಯ ಹೊಲಿಗೆ ಸಾಮಗ್ರಿಯ ಅಂಗಡಿಯಲ್ಲಿ ದಪ್ಪ ಹತ್ತಿ ದಾರ, ಪಾಲಿಯೆಸ್ಟರ್ ದಾರ, ದೊಡ್ಡ ಕಣ್ಣಿನ ಕೈಸೂಜಿ, ಯಂತ್ರಕ್ಕೆ 16 ಮತ್ತು 18ನೇ ನಂಬರಿನ ಸೂಜಿಗಳು, ಒಂದು ಅಂಗುಸ್ತಾನ ಇವೆಲ್ಲ ಸೇರಿ ಇನ್ನೂರು ರೂಪಾಯಿಯೊಳಗೆ ಬಂದವು. ಕೈಹೊಲಿಗೆಗೆ ಹತ್ತಿ ದಾರವನ್ನೂ ಕಂಕುಳಿನ ಕೂಡುಹೊಲಿಗೆಗೆ ಪಾಲಿಯೆಸ್ಟರನ್ನೂ ಇಟ್ಟುಕೊಂಡೆವು. ಕೂಡುಹೊಲಿಗೆ ಬೆವರನ್ನು ತಡೆಯಬೇಕು. ತೇಪೆಯ ಮೇಲಿನ ಹೊಲಿಗೆಯಾದರೋ ಬಟ್ಟೆಯ ಜೊತೆಯಲ್ಲೇ ಬಾಗಬೇಕು, ಬಟ್ಟೆಯನ್ನು ಕೊಯ್ಯಬಾರದು.

ತೇಪೆಯನ್ನು ಒಳಮಗ್ಗುಲಿಗೆ ಇಟ್ಟು, ಅಂಗಿಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದೆವು. ಸೀಳಿನ ಅಂಚುಗಳನ್ನು ಒಂದಕ್ಕೊಂದು ತಾಗಿಸಿದೆವೇ ಹೊರತು ಒಂದರ ಮೇಲೊಂದು ಏರಿಸಲಿಲ್ಲ. ಆಮೇಲೆ ಅರ್ಧ ಬೆರಳಿನ ಅಂತರದಲ್ಲಿ ಸಾಲು ಸಾಲಾಗಿ ಓಟದ ಹೊಲಿಗೆ ಹಾಕತೊಡಗಿದೆವು. ಒಂದು ಸಾಲಿನ ಟಾಕು ಇರುವಲ್ಲಿ ಪಕ್ಕದ ಸಾಲಿನಲ್ಲಿ ಬಿಡುವು ಬರುವಂತೆ ಹೊಲಿಯಬೇಕು. ಸಾಲುಗಳೆಲ್ಲ ಒಂದೇ ಗೆರೆಯಲ್ಲಿ ಕೊನೆಗೊಳ್ಳಬಾರದು, ಒಂದು ಗಿಡ್ಡ ಒಂದು ಉದ್ದ ಇರಬೇಕು. ಆಗ ಬಲ ಹಂಚಿಹೋಗಿ ತೇಪೆಯ ಅಂಚಿನಲ್ಲಿ ಹೊಸ ಸೀಳು ಹುಟ್ಟುವುದಿಲ್ಲ. ಸಾಲು ತಿರುಗುವ ಕಡೆ ದಾರವನ್ನು ತುಸು ಸಡಿಲ ಬಿಡಬೇಕು. ನಾನು ವೇಗವಾಗಿ ಹೊಲಿಯಲು ಮುಂದಾದಾಗಲೆಲ್ಲ ಅತ್ತೆ, "ದಾರಾ ಜಗ್ಗಬ್ಯಾಡವಾ, ಜಗ್ಗಿದ್ರ ಅರಿವಿ ಮುದುಡತೈತಿ," ಎನ್ನುತ್ತಿದ್ದರು. ಭುಜದ ಪದರ ಸೇರುವಲ್ಲಿ ಸೂಜಿಯನ್ನು ನೇರವಾಗಿ ಒಳಗೆ ಚುಚ್ಚಿ, ಹಿಂದಿನಿಂದ ಎಳೆದುಕೊಂಡು, ಮತ್ತೆ ಮೇಲಕ್ಕೆ ಚುಚ್ಚಬೇಕಾಗಿತ್ತು. ಅಂಗುಸ್ತಾನವಿದ್ದರೂ ಬೆರಳು ನೋಯುತ್ತಿತ್ತು. ಸಂಜೆಗಳಲ್ಲಿ ದೀಪದ ಕೆಳಗೆ ಇಬ್ಬರೂ ಎದುರುಬದುರು ಕುಳಿತು, ಒಬ್ಬರು ಈ ತುದಿಯಿಂದ ಇನ್ನೊಬ್ಬರು ಆ ತುದಿಯಿಂದ ಹೊಲಿಯುತ್ತ ಬಂದೆವು. ಮೊಮ್ಮಗಳು ಕಾದಾಡುವ ಅಂಗಿ ಎಂಬ ಅಭಿಮಾನ ಅತ್ತೆಯ ಮುಖದಲ್ಲಿ ಕಾಣುತ್ತಿತ್ತು.

ಕಂಕುಳಿನ ಕೂಡುಹೊಲಿಗೆಯನ್ನು ಮನೆಯ ತುಳಿಯಂತ್ರದಲ್ಲಿ, 18ನೇ ನಂಬರಿನ ಸೂಜಿ ಹಾಕಿ, ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತ ಹೊಲಿದೆ. ದಪ್ಪ ಏರುವಲ್ಲಿ ಪಾದದ ಹಿಂದೆ ಮಡಚಿದ ಬಟ್ಟೆಯ ತುಂಡನ್ನು ಇಟ್ಟರೆ ಪಾದ ಓರೆಯಾಗದೆ ಮುಂದೆ ಸಾಗುತ್ತದೆ. ಎರಡು ಸಾಲು ಹಾಕಿ, ತುದಿಗಳಲ್ಲಿ ಹಿಂದೆ ಮುಂದೆ ಹೊಲಿದು ಬಿಗಿ ಮಾಡಿದೆ. ಎಡ ಕೊರಳಪಟ್ಟಿಯ ಅಂಚು ನವಿರೆದ್ದಿತ್ತು. ಅದರ ಮೇಲೆ ತೇಪೆ ಏರಿಸುವ ಆಸೆಯನ್ನು ತಡೆದುಕೊಳ್ಳಬೇಕು, ಏಕೆಂದರೆ ನಿಯಮದಂತೆ ಕೊರಳಪಟ್ಟಿಯ ದಪ್ಪ 1 ಸೆಂ.ಮೀ. ಮೀರಬಾರದು. ಎದ್ದ ಎಳೆಗಳನ್ನು ಒಳಗೆ ಸೇರಿಸಿ, ಅಂಚಿನ ಉದ್ದಕ್ಕೂ ಚಿಕ್ಕ ಹೆಮ್ಮಿಂಗ್ ಟಾಕುಗಳನ್ನು ಹಾಕಿದ್ದಷ್ಟೇ ನಮ್ಮ ಕೆಲಸ. ಕೊರಳಪಟ್ಟಿಯ ಒಳಪದರವೇ ಮುರಿದಿದ್ದರೆ ಅದು ಮನೆಯಲ್ಲಿ ಆಗುವ ದುರಸ್ತಿಯಲ್ಲ.

ಹೊಲಿಗೆ ಮುಗಿದ ಮೇಲೆ ಅಂಗಿಯನ್ನು ಮತ್ತೊಮ್ಮೆ ತೊಳೆದು ಒಣಗಿಸಿ, ತೊಟ್ಟುಕೊಂಡು ಅಳತೆ ನೋಡಿದೆವು. ಪಂದ್ಯಕ್ಕೆ ಹೋಗುವವರು ಈ ಹಂತವನ್ನು ಬಿಡಬಾರದು, ಹಾಗೂ ತೊಳೆದ ಮೇಲಿನ ಅಳತೆಯನ್ನೇ ನಂಬಬೇಕು. ಕೈಗಳನ್ನು ಮುಂದಕ್ಕೆ ಚಾಚಿದಾಗ ತೋಳು ಮಣಿಕಟ್ಟನ್ನು ಮುಟ್ಟಬೇಕು, ತೋಳಿನೊಳಗೆ ಕೈಯ ಸುತ್ತ 10ರಿಂದ 15 ಸೆಂ.ಮೀ. ಸಡಿಲವಿರಬೇಕು, ಷರಾಯಿ ಕಾಲ್ಗಂಟಿಗಿಂತ 5 ಸೆಂ.ಮೀ.ಗಿಂತ ಹೆಚ್ಚು ಮೇಲೆ ನಿಲ್ಲಬಾರದು, ಸೊಂಟಕ್ಕೆ ಕಟ್ಟುವ ಪಟ್ಟಿಯ ಗಂಟಿನಿಂದ ಹೊರಬಂದ ತುದಿಗಳು 20ರಿಂದ 30 ಸೆಂ.ಮೀ. ಇರಬೇಕು. ಹುಡುಗಿಯರು ಒಳಗೆ ಬಿಳಿಯ ಸಾದಾ ಟೀ ಶರ್ಟ್ ತೊಡಬೇಕು. ಅಂಗಿಯ ಎಡಭಾಗ ಬಲಭಾಗದ ಮೇಲೆ ಬರಬೇಕೆಂಬುದನ್ನು ಮಕ್ಕಳೇ ಬಲ್ಲರು. ನಮ್ಮ ತೋಳು ತೇಪೆಯಿಂದ ಕುಗ್ಗಿರಲಿಲ್ಲ. ಮಗಳು ಅಪ್ಪನ ಕೈಗೆ ತೋಳನ್ನು ಕೊಟ್ಟು ಬಲವಾಗಿ ಜಗ್ಗಿಸಿಕೊಂಡಳು. ತೇಪೆಯ ಸಾಲುಗಳು ಬಟ್ಟೆಯ ಜೊತೆ ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬಂದವು.

ಪಂದ್ಯದ ಬೆಳಿಗ್ಗೆ ತೂಕದ ಸಾಲಿನ ನಂತರ ಉಡುಪು ತಪಾಸಣೆಯ ಸಾಲಿನಲ್ಲಿ ಬಹಳ ಹೊತ್ತು ನಿಂತೆವು. ಮುಂದಿದ್ದ ಹುಡುಗನೊಬ್ಬನನ್ನು ತೋಳು ಗಿಡ್ಡವೆಂದು ಬೇರೆ ಅಂಗಿ ತರಲು ಕಳುಹಿಸಿದ್ದನ್ನು ಕಂಡು ನನ್ನ ಎದೆ ಬಡಿದುಕೊಳ್ಳತೊಡಗಿತು. ಅಧಿಕಾರಿಗಳು ಮಗಳ ಕೈಗಳನ್ನು ಚಾಚಿಸಿ ಅಳತೆ ನೋಡಿದರು, ಕೊರಳಪಟ್ಟಿಯನ್ನು ಬೆರಳುಗಳ ನಡುವೆ ಒತ್ತಿದರು, ಕಂಕುಳಿನ ತೇಪೆಯನ್ನು ಮುಷ್ಟಿಯಲ್ಲಿ ಹಿಡಿದು ಮಡಚಿ ನೋಡಿದರು. ಅದು ಸುಲಭವಾಗಿ ಮಡಚಿತು. ಯಾರು ಹೊಲಿದದ್ದೆಂದು ಕೇಳಿ, ಅಜ್ಜಿ ಎಂದು ಅವಳು ಹೇಳಿದಾಗ ತಲೆಯಾಡಿಸಿ ಮುಂದೆ ಕಳುಹಿಸಿದರು. ಮೊದಲ ಪಂದ್ಯದಲ್ಲೇ ಎದುರಾಳಿ ಅದೇ ಬಲ ತೋಳನ್ನು ಹಿಡಿದು ಮತ್ತೆ ಮತ್ತೆ ಜಗ್ಗಿದಳು. ಹೊಲಿಗೆ ಬಿಡಲಿಲ್ಲ.

ಮನೆಗೆ ಬಂದ ರಾತ್ರಿಯೇ ಅಂಗಿಯನ್ನು ಚೀಲದಿಂದ ತೆಗೆದು ನೀರಿಗೆ ಹಾಕಿದೆವು; ಬೆವರಿದ ಅಂಗಿ ಚೀಲದಲ್ಲಿ ರಾತ್ರಿ ಕಳೆದರೆ ವಾಸನೆ ನೆಲೆಯೂರುತ್ತದೆ. ಬಣ್ಣ ಬಿಡುವ ಪಟ್ಟಿಯನ್ನು ಬೇರೆ ಬಕೆಟ್ಟಿನಲ್ಲಿ ತೊಳೆದೆವು. ಮರುದಿನ ಎಡ ಕಂಕುಳನ್ನು ಬೆಳಕಿಗೆ ಹಿಡಿದಾಗ ಅಲ್ಲಿಯೂ ಎಳೆಗಳು ತೆಳುವಾಗಿರುವುದು ಕಂಡಿತು. ಹಳೆಯ ಅಂಗಿಯಲ್ಲಿ ಇನ್ನೂ ಒಂದು ಮೊಳ ಗಟ್ಟಿ ಬಟ್ಟೆ ಉಳಿದಿದೆ, ಅದರಿಂದ ಹರಿಯುವ ಮೊದಲೇ ಒಳಪದರ ಕೊಡುವ ಕೆಲಸವನ್ನು ಅತ್ತೆ ಈ ವಾರ ಆರಂಭಿಸಿದ್ದಾರೆ. ಇದಕ್ಕೆ ಸಾಲುಗಳು ಅಷ್ಟು ಒತ್ತಾಗಿ ಬೇಕಾಗಿಲ್ಲ, ಒಂದೊಂದು ಬೆರಳಿನ ಅಂತರ ಸಾಕೆನ್ನುತ್ತಾರೆ.